ಮೊದಲ ದಿನದ ನೋವು

“ನಮ್ಮ ಔಷಧದಿಂದ ಹೆಣ್ಮಕ್ಕಳ ಕೈ ಕೆಟ್ಟಾವ ಅಂತ ಬರದವರು ನೀವೇನ್ರಿ?”

ಯಾದಗಿರಿಯ ಸಂಶೋಧನಾ ಕಚೇರಿಯ ಬಾಗಿಲಲ್ಲಿ ನಿಂತವನ ದನಿಗೆ ಮೌನಮ್ಮ ಬೆಚ್ಚಿದಳು. ಶಹಾಪುರದ ಡಾಕ್ಟರ್ ಹಣಮಂತ್ರಾಯ! ಫೋನಿನಲ್ಲಷ್ಟೇ ಕೇಳಿದ್ದ ದನಿ.

ಯಾದಗಿರಿ, ಶಹಾಪುರ, ಸುರಪುರದ ದವಾಖಾನೆಗಳಲ್ಲಿ ಸಂಧಿವಾತ ಆಗಷ್ಟೇ ಶುರುವಾದವರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಅದು. ಔಷಧ ಯಾವುದೆಂದು ತೀರ್ಮಾನಿಸುವವರು ಡಾಕ್ಟರುಗಳು. ಮೂರೂ ಕಡೆಯಿಂದ ಬಂದ ಅಂಕಿಗಳಲ್ಲಿ ಅರ್ಥ ಹುಡುಕುವುದು ಅವಳ ಕೆಲಸ.

“ಪೂರ್ತಿ ಓದೀರೇನ್ರಿ?” ಅವಳೂ ಬಿಡಲಿಲ್ಲ. “ಜೋರು ಔಷಧ ತಗೊಂಡವ್ರ ಕೈ ಹೆಚ್ಚು ಕೆಟ್ಟಂಗ ಕಾಣತಾವ, ಖರೆ. ಆದ್ರ ಇದನ್ನ ನಂಬಬ್ಯಾಡ್ರಿ ಅಂತ ಕೆಳಗ ನಾನ ಬರದೀನಿ! ಜೋರು ಔಷಧ ನೀವು ಕೊಡೋದು ಯಾರಿಗ್ರಿ?”

“ಭಾಳ ಬಾವು ಬಂದವ್ರಿಗೆ.”

“ಹಂಗಾದ್ರ ತಪ್ಪು ಔಷಧದ್ದೋ, ಮೊದಲಿಂದ ಇದ್ದ ಬ್ಯಾನೀದೋ? ಮೊದಲ ದಿನ ಯಾರಿಗೆ ಎಷ್ಟು ಕೀಲು ಬಾತಿದ್ವು ಅನ್ನೋದನ್ನ ನಿಮ್ಮ ದವಾಖಾನಿಯವರು ಕಳಿಸೇ ಇಲ್ಲ. ಒಂದೇ ನಮೂನಿ ಬಾತವ್ರನ್ನ ಹೋಲಿಸಿ ನೋಡಿದ್ರ ಮಾತ್ರ ಖರೆ ತಿಳೀತೈತಿ.”

ಹಣಮಂತ್ರಾಯನ ಸಿಟ್ಟು ಇಳಿಯಿತು. ಕುರ್ಚಿ ಎಳೆದು ಕುಳಿತ.

“ಯಾರೋ ಹೇಳಿದ್ದು ಕೇಳಿ ಓಡಿಬಂದೆ... ಮಾಫ್ ಮಾಡ್ರಿ.”

ಆ ಮಳೆಗಾಲವಿಡೀ ಅವಳು ಶಹಾಪುರಕ್ಕೆ ಹೋಗಿಬಂದಳು. ಹಳೆಯ ಕೇಸ್ ಪೇಪರುಗಳಿಂದ ಮೊದಲ ದಿನದ ಬಾವಿನ ವಿವರವನ್ನು ಇಬ್ಬರೂ ಕೂತು ಹೆಕ್ಕಿದರು. ಕಾಲುವೆ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ದವಾಖಾನೆಗೆ ಬರುವುದನ್ನು ಬಿಟ್ಟವರನ್ನು ಹುಡುಕುತ್ತ ಬದುವಿನ ಮೇಲೆ ನಡೆದರು. ಬಂದವರನ್ನಷ್ಟೇ ಎಣಿಸಿದರೆ ಲೆಕ್ಕ ಸುಳ್ಳು ಹೇಳುತ್ತದಲ್ಲ!

ಮಧ್ಯಾಹ್ನ ಅವನ ಬುತ್ತಿ ಇಬ್ಬರಿಗೂ ಆಗುತ್ತಿತ್ತು. ‘ಇನ್ನೊಬ್ಬರ ಜೊತೆ ಕೂತು ಉಂಡು ಎಷ್ಟು ವರ್ಷವಾಯಿತು...’ ಎಂದು ಅವಳಿಗೆ ಅನಿಸುತ್ತಿತ್ತು.

ಲೆಕ್ಕ ಮಗುಚಿಕೊಂಡಿತು. ಸಮನಾಗಿ ಬಾತವರಲ್ಲಿ, ಬೇಗ ಜೋರು ಔಷಧ ಸಿಕ್ಕವರ ಕೈಗಳೇ ಚೆನ್ನಾಗಿ ಉಳಿದಿದ್ದವು.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ, ಮೌನಮ್ಮನ ಬೆರಳುಗಳು ಮಡಚಲಿಲ್ಲ.

ಸಂಧಿವಾತವೆಂದು ಅವಳಿಗೆ ತಕ್ಷಣ ಗೊತ್ತಾಯಿತು. ದೋರನಹಳ್ಳಿಯ ಅವ್ವ ಕಣ್ಣ ಮುಂದೆ ಬಂದಳು. ಅವ್ವನ ಬೆರಳು ಸೊಟ್ಟಾದ ವರ್ಷವೇ ಅಪ್ಪ, “ರೊಟ್ಟಿ ಬಡಿಯೋರು ಬೇಕಲ್ಲ” ಎಂದು ಇನ್ನೊಬ್ಬಳನ್ನು ಮನೆಗೆ ತಂದಿದ್ದ. ಅವ್ವ ಸಾಯುವ ತನಕ ಹಿತ್ತಲ ಕೋಣೆಯಲ್ಲಿ ಒಬ್ಬಳೇ ಉಂಡಳು.

‘ನಾನು ಯಾರ ಹಿತ್ತಲಿಗೂ ಹೋಗುವುದಿಲ್ಲ!’

ಶಹಾಪುರದ ಓಡಾಟ ನಿಂತಿತು. ಅವನು ಫೋನ್ ಮಾಡಿದರೆ, “ಕೆಲಸ ಐತ್ರಿ” ಅಷ್ಟೇ. ಸ್ಟೇಷನ್ ಹಿಂದಿನ ಬಾಡಿಗೆ ಕೋಣೆಯಲ್ಲಿ ಬಿಸಿನೀರಿಗೆ ಕೈ ಅದ್ದಿ ಕೂರುತ್ತಿದ್ದಳು. ರೈಲುಗಳು ಬಂದು ಹೋಗುತ್ತಿದ್ದವು. ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂದರೆ ಎದ್ದು ಕಿಟಕಿ ಮುಚ್ಚುತ್ತಿದ್ದಳು.

ಸಂಕ್ರಾಂತಿ ಮುಗಿದ ಮೇಲೆ ಹಣಮಂತ್ರಾಯನೇ ಕಚೇರಿಗೆ ಬಂದ.

“ನನ್ನಿಂದ ಏನರ ತಪ್ಪಾಗೈತೇನ್ರಿ? ನಾ ಬರೋದು ಇಷ್ಟ ಇಲ್ಲಂದ್ರ ಒಂದು ಮಾತು ಹೇಳ್ರಿ, ಹೋಗ್ತೀನಿ.”

“ಇಷ್ಟ ಇಲ್ರಿ.”

 ನೀರಿನ ಬಾಟಲಿ ಎತ್ತಿಕೊಂಡಳು. ಮುಚ್ಚಳ ತಿರುಗಲಿಲ್ಲ. ಮತ್ತೆ ಹಿಡಿದಳು... ಬಾಟಲಿ ಕೈಜಾರಿ ಬಿತ್ತು.

ಅವನ ಕಣ್ಣು ಅವಳ ಬೆರಳಿನ ಗೆಣ್ಣುಗಳ ಮೇಲೆ ನಿಂತಿತು.

“ಯಾವಾಗಿಂದ?”

“ದೀಪಾವಳಿ ಆದಮ್ಯಾಲೆ.”

“ಔಷಧ?”

ಇಲ್ಲವೆಂದು ತಲೆಯಾಡಿಸಿದಳು.

“ಹುಚ್ಚು ಹಿಡದೈತೇನ್ರಿ ನಿಮಗ! ಬೇಗ ಔಷಧ ತಗೋರಿ ಅಂತ ಊರಿಗೆಲ್ಲ ತೋರಿಸಿಕೊಟ್ಟವರು ನೀವ!” ಅವನ ದನಿ ಒಡೆಯಿತು. “ನನಗರ ಹೇಳಬಾರದಾ...”

“ಹೇಳಿದ್ರ ನೀವು ನನ್ನ ಬಿಟ್ಟು ಹೋಗತಿರ್ಲಿಲ್ಲ. ಅದಕ್ಕ ಹೇಳ್ಲಿಲ್ಲ!” ಅವಳ ಕಣ್ಣು ತುಂಬಿ ಬಂತು. “ಬಾತ ಕೈ ಕಂಡ್ರ ನಿಮ್ಮ ಕರುಳು ಕರಗತೈತಿ, ನೋಡೀನಿ. ನನ್ನ ಮ್ಯಾಲ ಇರೋದು ಪ್ರೀತೀನೋ ಕನಿಕರಾನೋ, ನಾ ಹ್ಯಾಂಗ ತಿಳ್ಕೊಳ್ಲಿ?”

ಅವನು ಬಿದ್ದ ಬಾಟಲಿಯನ್ನು ಎತ್ತಿ ಮೇಜಿನ ಮೇಲಿಟ್ಟ.

“ಬ್ಯಾನಿ ಬಂದಿದ್ದು ದೀಪಾವಳಿ ಆದಮ್ಯಾಲೆ. ಲಗ್ನಕ್ಕಂತ ನಮ್ಮವ್ವನ ಮುಂದ ನಾ ನಿಮ್ಮ ಹೆಸರು ಹೇಳಿದ್ದು ನಾಟಿ ನಡದಾಗ. ಯಾವುದು ಮೊದಲು, ನೀವ ಹೇಳ್ರಿ.”

ಮೌನಮ್ಮ ಸೆರಗಿನಲ್ಲಿ ಅಡಗಿಸಿದ್ದ ಕೈಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

“ಔಷಧ ನಿಮ್ಮ ಕೈಯಿಂದ ಬ್ಯಾಡ್ರಿ. ನಿಮ್ಮ ಪೇಶಂಟ್ ಆಗಾಕ ನಾ ಒಲ್ಲೆ.”

“ಸುರಪುರದಾಗ ಆಮೀನಾ ಡಾಕ್ಟರ್ ಅದಾರ. ನಾಳೆ ಮುಂಜಾನಿ ಬಸ್ಸಿಗೆ ಹೋಗೂಣು.”

“ನೀವ್ಯಾಕ ಬರ್ತೀರಿ?”

“ಜೋಡಿ ಯಾರು ಬಂದಾರ ಅಂತ ಕೇಳತಾರಲ್ರಿ ಅಲ್ಲಿ.”

“ಕೇಳಿದ್ರ ಯಾರಂತ ಹೇಳ್ತೀರಿ?”

“ನೀವು ಏನಂತ ಹೇಳಂದ್ರ ಅದು.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಬಾತ ಬೆರಳುಗಳನ್ನು ಅವನ ಅಂಗೈಯಲ್ಲಿಟ್ಟಳು.

“ಮನಿಯವ್ರು ಅಂತ ಹೇಳ್ರಿ.”