ಏಣಿ ಹಿಡಿದವನು

"ಟೀ ತಗೊಳ್ಳಿ ಮೇಡಮ್."

"ಬೇಡ. ಎಣಿಸೋಕೆ ಬಂದ ಕಂಪನಿಯಲ್ಲಿ ಒಂದು ಗುಟುಕು ಟೀನೂ ಕುಡಿಯೋ ಹಾಗಿಲ್ಲ. ನಮ್ಮ ಸೀನಿಯರ್ ರೂಲ್ಸು."

"ನೀರು ಕುಡೀಬಹುದಾ, ಇಲ್ಲ ಅದಕ್ಕೂ ಅವರನ್ನ ಕೇಳ್ಬೇಕಾ?"

ಆ ಸೋಪಿನ ಗೋದಾಮಿನ ಸ್ಟೋರ್‌ಕೀಪರ್‌ನನ್ನು ದುರುಗುಟ್ಟಿ ನೋಡಿದೆ. ಮನುಷ್ಯ ನಗಲಿಲ್ಲ, ಕಣ್ಣು ಮಾತ್ರ ನಗುತ್ತಿತ್ತು. ಅಂದು ಲೆಕ್ಕದ ವರ್ಷದ ಕೊನೆಯ ದಿನ. ಆಡಿಟ್ ಆಫೀಸು ಸೇರಿ ಐದು ತಿಂಗಳಾಗಿದ್ದ ನಾನು ಮೊದಲ ಬಾರಿಗೆ ಒಬ್ಬಳೇ ಸ್ಟಾಕ್ ಎಣಿಸಲು ಬಂದಿದ್ದೆ. ಹಿಂದೆ ಎರಡು ಸಲ ಎಣಿಕೆ ತಪ್ಪಿದ್ದೆ. ಇನ್ನೊಮ್ಮೆ ತಪ್ಪಿದರೆ ಮನೆ ದಾರಿ ಹಿಡಿ ಎಂದು ಸೀನಿಯರ್ ಹೇಳಿಯೇ ಕಳಿಸಿದ್ದರು.

ಬೆಳಗಿನಿಂದ ಎಣಿಸಿದ್ದೇ ಎಣಿಸಿದ್ದು. ನಾನು ಸಂಖ್ಯೆ ಬರೆದು ಚೀಟಿ ಕೊಡುವುದು, ಅವನು ಅಂಟಿಸುವುದು. ಕಂಪನಿಯ ಸ್ಟಾಕ್ ಪುಸ್ತಕದಲ್ಲಿ ಎಷ್ಟಿದೆ ಎಂದು ನಾನು ಕೇಳುವಂತಿಲ್ಲ, ಅವನು ಹೇಳುವಂತಿಲ್ಲ. ಒಮ್ಮೆ ಚೀಟಿ ಕೊಡುವಾಗ ಬೆರಳಿಗೆ ಬೆರಳು ತಾಕಿತು. ಮುಂದಿನ ಸಾಲನ್ನು ಎರಡು ಸಲ ಎಣಿಸಬೇಕಾಯಿತು.

ಕೊನೆಗೆ ಉಳಿದದ್ದು ಗೋಡೆ ಪಕ್ಕದ ದೊಡ್ಡ ಅಟ್ಟಿ. ಉದ್ದಕ್ಕೆ ಎಂಟು ಪೆಟ್ಟಿಗೆ, ಅಗಲಕ್ಕೆ ಆರು, ಎತ್ತರಕ್ಕೆ ಹತ್ತು. ಪ್ರತಿ ಅಟ್ಟಿಯನ್ನೂ ಏಣಿ ಹತ್ತಿ ಮೇಲಿನಿಂದ ನೋಡಲೇಬೇಕು. ನನಗೋ ಸ್ಟೂಲ್ ಹತ್ತಿದರೂ ಕಾಲು ನಡುಗುತ್ತದೆ. ಅವನು ಫೋನಿನಲ್ಲಿದ್ದಾಗ ಕೆಳಗೇ ನಿಂತು ಗುಣಿಸಿ, ನಾನೂರ ಎಂಬತ್ತು ಎಂದು ಬರೆದುಬಿಟ್ಟೆ.

ಎಣಿಕೆಯ ಹಾಳೆಗೆ ಅವನೂ ಸಹಿ ಹಾಕಬೇಕಿತ್ತು. ಪೆನ್ನು ಆ ಸಾಲಿನ ಮೇಲೆ ನಿಂತಿತು.

"ಏಣಿ ಹತ್ತಿ ನೋಡಿದ್ರಾ?"

"ಹೂಂ," ಎಂದೆ. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ, ಅಮ್ಮ ಹಿಡಿಯುವುದೇ ಹಾಗೆ. ಅವನು ಕಿವಿಯನ್ನೇ ನೋಡುತ್ತಿದ್ದ.

"ಇನ್ನೊಂದ್ಸಲ ಹತ್ತಿ. ನಾನು ಹಿಡ್ಕೊಂಡಿರ್ತೀನಿ. ಕೆಳಗೆ ನೋಡ್ಬೇಡಿ, ನನ್ನ ಬೈಕೊಂಡು ಹತ್ತಿ."

ಬೈದುಕೊಂಡೇ ಹತ್ತಿದೆ. ಅಟ್ಟಿಯ ನಡುವೆ ಬಾವಿಯ ಹಾಗೆ ಖಾಲಿ. ಗಾಳಿಯಾಡದಿದ್ದರೆ ಸೋಪು ಬೆವರುತ್ತದೆಂದು ಪ್ರತಿ ಪದರದಲ್ಲೂ ನಾಲ್ಕು ಪೆಟ್ಟಿಗೆಯ ಜಾಗ ಬಿಟ್ಟು ಜೋಡಿಸಿದ್ದರು. ಇದ್ದದ್ದು ನಾನೂರ ನಲವತ್ತೇ. ಮರುದಿನ ಸೀನಿಯರ್ ಬಂದು ಪರೀಕ್ಷಿಸಿದ್ದರೆ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ತಿದ್ದಿ ಬರೆದೆ. ಅವನು ಸಹಿ ಹಾಕಿದ. ಥ್ಯಾಂಕ್ಸ್ ಕೂಡ ಹೇಳದೆ ಹಾಳೆ ಮಡಚಿಕೊಂಡು ಹೊರಟುಬಿಟ್ಟೆ.

ಸಂಜೆ ಆಫೀಸಿನಲ್ಲಿ ಕಂಪನಿಯ ಸ್ಟಾಕ್ ಪುಸ್ತಕ ಕೈಗೆ ಬಂತು. ಅದರಲ್ಲಿ ಆ ಸೋಪಿನ ಲೆಕ್ಕ ಇದ್ದದ್ದು ನಾನೂರ ಎಂಬತ್ತು. ಅವನು ಸುಮ್ಮನೆ ಸಹಿ ಹಾಕಿದ್ದರೆ ಅವನ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ನನ್ನನ್ನು ಉಳಿಸಲು ಹೋಗಿ ನಲವತ್ತು ಪೆಟ್ಟಿಗೆಯ ಕೊರತೆಯನ್ನು ತನ್ನ ತಲೆಯ ಮೇಲೆ ಎಳೆದುಕೊಂಡಿದ್ದ.

ಮೂರು ದಿನ ನನಗೆ ಊಟ ಸೇರಲಿಲ್ಲ.

"ಆ ಚೂಡಿದಾರದಿಂದ ಸೋಪಿನ ವಾಸನೆ ಹೋಗ್ತಾನೇ ಇಲ್ಲ. ನೀನು ಅದನ್ನ ಒಗೆಯೋಕೂ ಕೊಡ್ತಿಲ್ಲ. ಏನೇ ವಿಷ್ಯ?" ಎಂದಳು ಅಮ್ಮ.

ನಾಲ್ಕನೆಯ ದಿನ ಪೆಟ್ಟಿಗೆಗಳು ಸಿಕ್ಕವು. ಅಟ್ಟಿಯ ಪಕ್ಕದಲ್ಲಿದ್ದ ಆ ನಲವತ್ತನ್ನು ಲೇಬಲ್ ತಪ್ಪಾಗಿದೆಯೆಂದು ಪ್ಯಾಕಿಂಗ್‌ನವರು ಯಾರಿಗೂ ಹೇಳದೆ ಒಯ್ದು, ಮರೆತು ಕೂತಿದ್ದರಂತೆ. ಸುದ್ದಿ ಕೇಳಿದವಳೇ ಸೀನಿಯರ್ ಕೈಗೆ ಒಂದು ಕಾಗದ ಕೊಟ್ಟು ಗೋದಾಮಿಗೆ ಓಡಿದೆ.

"ಯಾಕೆ ಹಾಗೆ ಮಾಡಿದ್ರಿ? ಸಿಗದೇ ಇದ್ದಿದ್ರೆ?"

"ಬೈಸ್ಕೊತಿದ್ದೆ. ಕೆಲಸ ಹೋಗಿದ್ರೆ ಇನ್ನೊಂದು ಹುಡುಕ್ತಿದ್ದೆ." ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. "ಇಡೀ ದಿನ ಒಂದೊಂದನ್ನೂ ಮುಟ್ಟಿ ಮುಟ್ಟಿ ಎಣಿಸಿದ್ರಿ. ಕೊನೇ ಅಟ್ಟಿಯಲ್ಲಿ ನಿಮ್ಮ ಹೆಸರು ಕೆಡೋದು ನೋಡೋಕಾಗ್ಲಿಲ್ಲ."

ಕಣ್ಣು ತುಂಬಿ ಬಂತು. "ಥ್ಯಾಂಕ್ಸ್. ಅವತ್ತೇ ಹೇಳ್ಬೇಕಿತ್ತು."

"ಮುಂದಿನ ವರ್ಷ ನೀವೇ ಎಣಿಸೋಕೆ ಬನ್ನಿ, ಅಷ್ಟು ಸಾಕು."

"ಬರಲ್ಲ. ನನ್ನ ಇನ್ಮೇಲೆ ಇಲ್ಲಿಗೆ ಕಳಿಸ್ಬೇಡಿ ಅಂತ ಬರೆದು ಕೊಟ್ಟು ಬಂದೆ."

ಅವನ ಮುಖ ಬಾಡಿತು. "ಅಷ್ಟೊಂದು ಬೇಜಾರಾಯ್ತಾ?"

"ನಮ್ಮಲ್ಲೊಂದು ಫಾರ್ಮ್ ಇದೆ. ಎಣಿಸೋ ಕಂಪನಿಯಲ್ಲಿ ನಿಮಗೆ ಬೇಕಾದವರು ಯಾರಾದ್ರೂ ಇದ್ದಾರಾ ಅಂತ ಕೇಳ್ತಾರೆ. ಇದ್ರೆ ಅಲ್ಲಿಗೆ ಹೋಗೋ ಹಾಗಿಲ್ಲ." ಕಿವಿ ಸುಡುತ್ತಿತ್ತು. ಈ ಸಲ ಸುಳ್ಳಿಗಲ್ಲ. "ಇದ್ದಾರೆ ಅಂತ ಬರೆದೆ."

ಅವನು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟ. ಆಮೇಲೆ ಫ್ಲಾಸ್ಕ್ ತೆಗೆದು, ಎರಡು ಲೋಟ ಇಟ್ಟ.

"ಹಾಗಾದ್ರೆ ಈಗ ಕುಡೀಬಹುದಲ್ವಾ?"

ಟೀ ಆರಿಹೋಗಿತ್ತು. ನಾನು ಎರಡು ಲೋಟ ಕುಡಿದೆ.