ಮೇಷ್ಟ್ರು ಆರಿಸಿದ ನೆಲ

ಮೇಷ್ಟ್ರು ಮತ್ತೆ ಜಾರಿಬಿದ್ದರು. ಮುಂಗಾಲೆರಡು ಸೋಫಾದ ಕಡೆ, ಹಿಂಗಾಲೆರಡು ಅಡುಗೆಮನೆಯ ಕಡೆ, ಹೊಟ್ಟೆ ಟೈಲ್ಸ್ ಮೇಲೆ. ಬಾಲ ಮಾತ್ರ ತನಗೇನೂ ಗೊತ್ತಿಲ್ಲವೆಂಬಂತೆ ಅಲ್ಲಾಡುತ್ತಿತ್ತು.

"ಏಳಿ ಮೇಷ್ಟ್ರೇ, ಯಾರೂ ನೋಡಿಲ್ಲ," ಎಂದು ಚೋಟು ಅವರ ಹೊಟ್ಟೆಗೆ ಕೈಕೊಟ್ಟು ಎತ್ತಿದಳು.

ಮೇಷ್ಟ್ರು ಎಂದರೆ ಆ ಮನೆಯ ನಾಯಿ. ಮರಿಯಾಗಿದ್ದಾಗಲೇ ಬಾಗಿಲಲ್ಲಿ ಕೂತು, ಹೋಂವರ್ಕ್ ತಂದಿದ್ದೀಯಾ ಎಂದು ಕೇಳುವವರ ಹಾಗೆ ಒಳಬಂದವರನ್ನೆಲ್ಲ ದುರುಗುಟ್ಟಿ ನೋಡುತ್ತಿದ್ದುದಕ್ಕೆ ಅಪ್ಪ ಇಟ್ಟ ಹೆಸರು ಅದು. ಅಂಥ ಹೆಸರಿಟ್ಟ ಮೇಲೆ ಮರ್ಯಾದೆ ಕೊಡದೆ ಆಗುತ್ತದೆಯೇ? ಮೇಷ್ಟ್ರು ಊಟ ಮಾಡಿದರು, ಮೇಷ್ಟ್ರು ಮಲಗಿದರು, ಮೇಷ್ಟ್ರು ಪಕ್ಕದ ಮನೆಯವರ ಚಪ್ಪಲಿ ಕಚ್ಚಿಕೊಂಡು ಬಂದರು.

ಚೋಟು ಹುಟ್ಟುವ ಮೊದಲೇ ಅವರು ಆ ಮನೆಯಲ್ಲಿದ್ದರು. ಅವಳು ನಡೆಯಲು ಕಲಿತದ್ದೂ ಅವರ ಬೆನ್ನು ಹಿಡಿದುಕೊಂಡೇ. ಈಗ ಅವರಿಗೆ ವಯಸ್ಸಾಗಿತ್ತು. ನುಣುಪು ಟೈಲ್ಸ್ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಒಮ್ಮೊಮ್ಮೆ ಬಾಗಿಲು ದಾಟುವ ಮೊದಲೇ ಉಚ್ಚೆ ಹೋಗಿಬಿಡುತ್ತಿತ್ತು. ಅದಕ್ಕೆಂದೇ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಹಳೆಯ ನೀಲಿ ಟವೆಲ್ ನೇತಾಡುತ್ತಿತ್ತು. ಯಾರೂ ಹೇಳುವ ಮೊದಲೇ ಚೋಟು ಒರೆಸಿ, ಟವೆಲ್ ತೊಳೆದು ಮತ್ತೆ ಅಲ್ಲೇ ಹಾಕುತ್ತಿದ್ದಳು.

ಟೈಲ್ಸ್‌ಗೂ ವಯಸ್ಸಾಗಿತ್ತು. ಅಲ್ಲಲ್ಲಿ ಎದ್ದು, ಕಾಲಿಟ್ಟರೆ ಟಕ್ ಟಕ್ ಎನ್ನುತ್ತಿದ್ದವು. ಬಿದಿರಿನ ಹಲಗೆ ಹಾಕಿಸೋಣವೆಂದು ಅಪ್ಪ ಅಮ್ಮ ಮಾತಾಡಿಕೊಂಡರು. ಅಂಗಡಿಗೆ ಹೊರಟಾಗ ಚೋಟು ಮೇಷ್ಟ್ರ ಬೆಲ್ಟ್ ಹಿಡಿದುಕೊಂಡು ಕಾರಿನ ಹತ್ತಿರ ನಿಂತಿದ್ದಳು.

"ನೆಲ ಆರಿಸೋಕೆ ಮೇಷ್ಟ್ರು ಯಾಕೆ?" ಎಂದಳು ಅಮ್ಮ.

"ಜಾರೋದು ಅವರೇ ತಾನೆ?"

ಅಪ್ಪ ನಕ್ಕು ಹಿಂದಿನ ಬಾಗಿಲು ತೆಗೆದ.

ಅಂಗಡಿಯ ತುಂಬ ಹಲಗೆಗಳು ಗೋಡೆಗೆ ಒರಗಿ ನಿಂತಿದ್ದವು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಅಂಗಡಿಯಾತ ಎರಡು ಬಗೆಯವನ್ನು ಇಳಿಸಿದ. ಒಂದು ಹೊಳಪಿನದು, ಬಗ್ಗಿದರೆ ಮುಖ ಕಾಣುತ್ತಿತ್ತು. ಇನ್ನೊಂದರ ಮೇಲೆ ಉದ್ದಕ್ಕೂ ಗೆರೆಗಳಿದ್ದವು, ಒದ್ದೆ ಮರಳಿನ ಮೇಲೆ ಬಾಚಣಿಗೆ ಎಳೆದ ಹಾಗೆ. ಕೈಯಾಡಿಸಿದರೆ ಬೆರಳಿಗೆ ಸಿಗುತ್ತಿದ್ದವು. ಅಮ್ಮನ ಕಣ್ಣು ಹೊಳಪಿನದರ ಮೇಲೆ ಬಿತ್ತು. ಅಪ್ಪನ ಕಣ್ಣು ಅಮ್ಮನ ಮೇಲಿತ್ತು.

ಮೇಷ್ಟ್ರು ನಡೆದು ನೋಡಲಿ, ಎರಡನ್ನೂ ನೆಲಕ್ಕೆ ಹಾಸಿ ಎಂದು ಚೋಟು ಕೇಳಿಕೊಂಡಳು. ಹೊಳೆಯುವ ಹಲಗೆಯ ಮೇಲೆ ಮೇಷ್ಟ್ರು ಒಂದು ಹೆಜ್ಜೆಯಿಟ್ಟರು, ಕಾಲು ಸರ್ರನೆ ಹೋಯಿತು. ಗೆರೆ ಇರುವ ಹಲಗೆಯನ್ನು ಮೊದಲು ಮೂಸಿದರು. ಒಂದು ಕಾಲಿಟ್ಟರು. ಇನ್ನೊಂದು ಇಟ್ಟರು. ಆಮೇಲೆ ಆ ತುದಿಯವರೆಗೆ ನಡೆದುಹೋಗಿ, ತಿರುಗಿ, ಅಂಗಡಿ ತಮ್ಮದೇ ಎಂಬಂತೆ ಅಲ್ಲೇ ಮಲಗಿಬಿಟ್ಟರು.

"ಮೇಷ್ಟ್ರೇ ಪಾಸ್ ಮಾಡಿದ ಮೇಲೆ ನಮ್ದೇನಿದೆ," ಎಂದ ಅಂಗಡಿಯಾತ. ಅಮ್ಮನಿಗೂ ನಗು ಬಂತು. ಗೆರೆಯ ಹಲಗೆಯೇ ಆಗಲಿ ಎಂದಳು.

ಹಲಗೆ ಕೂರಿಸುವವನು ಮನೆಗೆ ಬಂದು ಎರಡು ಮಾತು ಹೇಳಿದ. ಹಲಗೆಗಳನ್ನು ಕೆಲವು ದಿನ ಕೋಣೆಯಲ್ಲಿ ಬಿಚ್ಚಿಡಬೇಕು, ಅವು ಮನೆಯ ಗಾಳಿಗೆ ಒಗ್ಗಿಕೊಳ್ಳಬೇಕು, ಆಮೇಲೇ ಕೂರಿಸುವುದು. ಇನ್ನೊಂದು, ಇದರ ಮೇಲೆ ನೀರು ನಿಲ್ಲಬಾರದು, ಉಬ್ಬುತ್ತದೆ. ಬಿದ್ದ ಕೂಡಲೇ ಒರೆಸಿಬಿಟ್ಟರೆ ಏನೂ ಆಗುವುದಿಲ್ಲ.

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಮೇಷ್ಟ್ರ ಕಡೆ ನೋಡಿದ.

ಮರುದಿನ ಅಮ್ಮನ ತಮ್ಮ ವ್ಯಾನ್ ತಂದ. ಊರಾಚೆ ಟೈರ್ ಗೋಡೌನ್ ಇಟ್ಟುಕೊಂಡಿರುವ ಮಾವ ಅವನು. "ಕೆಲಸ ಮುಗಿಯೋವರೆಗೆ ಅಷ್ಟೇ ಕಣೇ," ಎಂದ ಅಪ್ಪ. ವ್ಯಾನಿನ ಹಿಂದಿನ ಗಾಜಿನಿಂದ ಮೇಷ್ಟ್ರು ಚೋಟುವನ್ನೇ ನೋಡುತ್ತ ಹೋದರು.

ದಿನಾ ಸ್ಕೂಲಿನಿಂದ ಬಂದವಳೇ ಚೋಟು ಹಲಗೆಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, "ಬೇಗ ಒಗ್ಗಿಕೊಳ್ಳಿ," ಎಂದು ಪಿಸುಗುಟ್ಟುತ್ತಿದ್ದಳು.

ನೆಲ ಆಯಿತು. ಚೋಟು ಅಂಬೆಗಾಲಿಟ್ಟು ಬಾಗಿಲಿನಿಂದ ಅಡುಗೆಮನೆಯವರೆಗೆ ಹೋಗಿ ನೋಡಿದಳು. ಎಲ್ಲೂ ಜಾರಲಿಲ್ಲ. ನಾಳೆ ಕರೆದುಕೊಂಡು ಬರೋಣವೇ ಎಂದು ಕೇಳಿದಳು. ಪಾಲಿಶ್ ವಾಸನೆ ಹೋಗಲಿ ಎಂದ ಅಪ್ಪ. ವಾಸನೆ ಹೋಯಿತು. ಟೆಸ್ಟ್ ಮುಗಿಯಲಿ ಎಂದಳು ಅಮ್ಮ. ಟೆಸ್ಟೂ ಮುಗಿಯಿತು. ಆಮೇಲೆ ಮಾವನ ವ್ಯಾನ್ ಕೆಟ್ಟಿತು.

ಒಂದು ಸಂಜೆ ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ: "ನಾಯಿ ಅಲ್ಲೇ ಆರಾಮಾಗಿದೆಯಂತೆ. ಒಗ್ಗಿಕೊಂಡುಬಿಟ್ಟಿದೆ. ಗೋಡೌನಲ್ಲಿ ಸಿಮೆಂಟ್ ನೆಲ, ಜಾರೋದೂ ಇಲ್ಲ."

ಅಪ್ಪ ಯಾವ ನಾಯಿಯ ವಿಷಯ ಹೇಳುತ್ತಿದ್ದಾನೆಂದು ಚೋಟುವಿಗೆ ಒಂದು ಕ್ಷಣ ತಿಳಿಯಲಿಲ್ಲ.

"ಇಲ್ಲೂ ಜಾರಲ್ಲ. ಅವರೇ ಅಲ್ವಾ ಆರಿಸಿದ್ದು?"

"ನೀರು ನಿಲ್ಲಬಾರದು ಅಂದಿದಾರಲ್ಲ," ಎಂದಳು ಅಮ್ಮ. "ಇಷ್ಟು ಚೆನ್ನಾಗಿ ಮಾಡಿಸಿದ ನೆಲ. ದಿನಾ ಯಾರು ಕಾಯ್ತಾ ಕೂರೋದು?"

"ನಾನು ಒರೆಸ್ತೀನಿ. ಇಷ್ಟು ದಿನ ನಾನೇ ಅಲ್ವಾ ಒರೆಸಿದ್ದು?"

ಅಪ್ಪ ಟಿವಿಯ ಸೌಂಡ್ ಜಾಸ್ತಿ ಮಾಡಿದ.

ವ್ಯಾನ್ ರಿಪೇರಿಯಾದ ಮೇಲೆ ಮಾವ, ಅತ್ತೆ, ಅವರ ಪುಟ್ಟ ಮಗು ಹೊಸ ನೆಲ ನೋಡಲು ಬಂದರು. ಚೋಟು ಗೇಟಿಗೆ ಓಡಿ ವ್ಯಾನಿನ ಹಿಂದಿನ ಬಾಗಿಲು ಎಳೆದಳು. ಒಳಗೆ ಒಂದು ಗೋಣಿಚೀಲವಿತ್ತು. ಅದಕ್ಕೆ ಬಿಳಿ ಕೂದಲು ಅಂಟಿತ್ತು.

"ಮೇಷ್ಟ್ರು ಡ್ಯೂಟಿಲಿದಾರೆ," ಎಂದು ಮಾವ ಅವಳ ತಲೆ ಸವರಿದ. "ಸಂಜೆ ಆದ್ರೆ ಸಾಕು, ಗೇಟ್ ಹತ್ರಾನೇ ಕೂತಿರ್ತಾರೆ. ಬರೋ ಗಾಡೀನೆಲ್ಲ ಎದ್ದು ನೋಡೋದು, ಮತ್ತೆ ಕೂರೋದು. ಊಟಕ್ಕೆ ಕರೆದ್ರೂ ಬರಲ್ಲ. ಅಂಥಾ ಕಾವಲು ಎಲ್ಲಿ ಸಿಗುತ್ತೆ ಹೇಳು?"

ಕಾವಲು ಅಲ್ಲ ಎಂದು ಚೋಟುವಿಗೆ ಗೊತ್ತಿತ್ತು. ಅವಳು ವ್ಯಾನಿನ ಬಾಗಿಲು ಮುಚ್ಚಿದಳು.

ಒಳಗೆ ಎಲ್ಲರೂ ನೆಲವನ್ನು ಹೊಗಳುತ್ತಿದ್ದರು. ಅತ್ತೆ ಮಗುವನ್ನು ಕೆಳಗೆ ಬಿಟ್ಟಳು. ಅದು ಪಟಪಟನೆ ಅಂಬೆಗಾಲಿಟ್ಟು ಕೋಣೆಯ ನಡುವೆ ಹೋಗಿ ನಿಂತಿತು. ಏನೋ ಯೋಚಿಸುತ್ತಿರುವ ಹಾಗೆ ಮುಖ ಮಾಡಿತು. ಆಮೇಲೆ ಅದರ ಕೆಳಗಿನಿಂದ ನೀರು ಹರಿಯಿತು. ಒಂದು ಗೆರೆ ತುಂಬಿತು, ಪಕ್ಕದ ಗೆರೆಗೆ ಇಳಿಯಿತು.

ಚೋಟು ಅಮ್ಮನ ಕಡೆ ನೋಡಿದಳು.

"ಉದ್ಘಾಟನೆ ಆಯ್ತು ಬಿಡಿ," ಎಂದ ಮಾವ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ಮುಖ ಸಣ್ಣದು ಮಾಡಿಕೊಂಡು ಎದ್ದಳು.

"ಕೂತ್ಕೋ, ಪಾಪ ಅದಕ್ಕೇನು ಗೊತ್ತಾಗುತ್ತೆ," ಎಂದಳು ಅಮ್ಮ, ಅವಳೂ ನಗುತ್ತಲೇ. "ಒರೆಸಿದ್ರೆ ಆಯ್ತು. ಚೋಟು, ಒಂದು ಬಟ್ಟೆ ತಾ."

ಚೋಟು ಬಾಗಿಲ ಹಿಂದಕ್ಕೆ ಹೋದಳು. ಮೊಳೆಯಲ್ಲಿ ನೀಲಿ ಟವೆಲ್ ಹಾಗೇ ಇತ್ತು, ಬಹಳ ದಿನದಿಂದ ಯಾರೂ ಮುಟ್ಟದೆ ಒಣಗಿ ಹಪ್ಪಳದಂತಾಗಿತ್ತು. ತಂದುಕೊಟ್ಟಳು.

ಅಮ್ಮ ಬಗ್ಗಿ ಒರೆಸತೊಡಗಿದಳು. ಟವೆಲ್ಲಿನ ಅಂಚಿನಲ್ಲಿ ಎರಡು ಬಿಳಿ ಕೂದಲು ಕಂಡವು. ಅಮ್ಮನ ಕೈ ನಿಂತಿತು. ಸುತ್ತ ನಗು ನಡೆದೇ ಇತ್ತು. ಅಮ್ಮ ತಲೆಯೆತ್ತಲಿಲ್ಲ. ಮತ್ತೆ ಒರೆಸಿದಳು, ಒಣಗಿದ ಮೇಲೂ ಒರೆಸಿದಳು.

ನೆಲಕ್ಕೆ ಏನೂ ಆಗಿರಲಿಲ್ಲ.

ಅತ್ತೆಗೆ ಟೀ ಬಂತು. ಮಗುವಿಗೆ ಬೇರೆ ಚಡ್ಡಿ ಬಂತು. ಚೋಟು ಹೋಗಿ ಬಾಗಿಲಲ್ಲಿ ಕೂತಳು, ಮೇಷ್ಟ್ರು ಕೂರುತ್ತಿದ್ದ ಜಾಗದಲ್ಲಿ, ಹೆಬ್ಬೆರಳನ್ನು ಹಲಗೆಯ ಗೆರೆಗೆ ಒತ್ತಿಕೊಂಡು. ಅಲ್ಲಿಂದ ಎಲ್ಲರೂ ಕಾಣುತ್ತಿದ್ದರು. ಒಬ್ಬೊಬ್ಬರನ್ನೇ ನೋಡುತ್ತ ಬಂದಳು. ಏನೋ ಹೇಳುತ್ತಿದ್ದ ಅಪ್ಪ ಅವಳ ಕಡೆ ತಿರುಗಿದವನು ಅರ್ಧಕ್ಕೇ ನಿಲ್ಲಿಸಿ, ಹೋಂವರ್ಕ್ ಮಾಡದೆ ಬಂದ ಹುಡುಗನ ಹಾಗೆ ತಲೆ ತಗ್ಗಿಸಿದ.