ಹಸಿರು ಗರಿ

“ಅಕ್ಕಾ, ಇದೂ ಹಳದಿಗೇ ಬಿತ್ತು! ನೋಡ್ದ್ಯಾ?”

ರಕ್ಷಿತಾ ಬಿಲ್ಲು ಹಿಡಿದುಕೊಂಡೇ ಕುಣಿದಳು.

“ಹ್ಞೂಂ, ನೋಡ್ದೆ,” ಅಂದಳು ನಯನ. ನೋಡದೆ ಏನು? ಇವಳಿಗೆ ಬಿಲ್ಲು ಹಿಡಿಯೋದು ಹೇಳಿಕೊಟ್ಟವಳೇ ತಾನು!

ಶಿರಾಳಕೊಪ್ಪದ ಆ ಶಾಲೆಯಲ್ಲಿ ಹುಲಿಯಪ್ಪ ಮೇಷ್ಟ್ರದು ಒಂದು ರೂಲ್. ಬಿಲ್ಲು ಕಲಿತವರು ಕೆಳಗಿನ ಕ್ಲಾಸಿನ ಒಬ್ಬರಿಗೆ ಕಲಿಸಬೇಕು. ಏಳನೇ ಕ್ಲಾಸಿನ ನಯನಳಿಗೆ ಸಿಕ್ಕವಳು ಐದನೇ ಕ್ಲಾಸಿನ ರಕ್ಷಿತಾ. ಮೊದಮೊದಲು ಅವಳ ಬಾಣವೆಲ್ಲ ಬೇಲಿಗೆ ಹೋಗುತ್ತಿತ್ತು. ಈಗ ಮೇಷ್ಟ್ರು ದಿನಾ “ರಕ್ಷಿತಾನ ಕೈ ನೋಡ್ರೋ” ಅನ್ನುತ್ತಾರೆ. ಆಗ ನಯನಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತದೆ.

ಸೊರಬದ ಸ್ಪರ್ಧೆಗೆ ಹೋಗುವುದು ಒಬ್ಬಳೇ. ಇವತ್ತು ಅದರ ಆಯ್ಕೆ, ತಲಾ ಮೂರು ಬಾಣ. ನಯನಳ ಸರದಿ ಮುಗಿದಿತ್ತು. ಎರಡು ಬಾಣ ನಡುವಿನ ಹಳದಿಗೆ, ಒಂದು ಅದರಾಚೆಯ ಕೆಂಪಿಗೆ. ರಕ್ಷಿತಾಳ ಕೊನೆಯ ಬಾಣವೂ ಹಳದಿಗೆ ಬಿದ್ದರೆ ಅವಳೇ ಹೋಗುತ್ತಾಳೆ.

ರಕ್ಷಿತಾ ಬಾಣ ಏರಿಸಿದಳು. ನಯನಳ ಕಣ್ಣು ಬಾಣದ ಬಾಲಕ್ಕೆ ಹೋಯಿತು. ಅಲ್ಲಿ ಎರಡು ಬಿಳಿ ಗರಿ, ಒಂದು ಹಸಿರು. ಹಸಿರು ಗರಿ ಹೊರಗೆ ಮುಖ ಮಾಡಿರಬೇಕು. ಒಳಗೆ ತಿರುಗಿದರೆ ಬಿಲ್ಲಿಗೆ ಉಜ್ಜಿ ಬಾಣ ದಾರಿ ತಪ್ಪುತ್ತದೆ.

ದಿನಾ ನಯನಳೇ ಸರಿಯಾಗಿ ತಿರುಗಿಸಿ ಕೈಗೆ ಕೊಡುತ್ತಿದ್ದಳು. ಯಾಕೆ ಅಂತ ಮಾತ್ರ ಹೇಳಿರಲಿಲ್ಲ. ಹೇಳೋಣ ಅಂದುಕೊಂಡಾಗಲೇ ಮೇಷ್ಟ್ರು ಅವಳನ್ನು ಹೊಗಳೋಕೆ ಶುರು ಮಾಡಿದ್ದರು. ಇವತ್ತು ಆಯ್ಕೆ ಅಂತ ರಕ್ಷಿತಾ ತಾನೇ ಬಾಣ ತೆಗೆದುಕೊಳ್ಳುತ್ತಿದ್ದಳು; ಮೊದಲೆರಡು ಅದೃಷ್ಟಕ್ಕೆ ಸರಿಯಾಗಿ ಕೂತಿದ್ದವು. ಇದು ಒಳಗೆ ತಿರುಗಿತ್ತು.

ನಯನ ಬಾಯಿ ತೆರೆದಳು. ಮುಚ್ಚಿದಳು.

ಬಾಣ ಓರೆಯಾಗಿ ಹೋಗಿ ಹುಲ್ಲಿಗೆ ಬಿತ್ತು.

“ನಯನ ಸೊರಬಕ್ಕೆ!” ಹುಡುಗರು ಕೂಗಿದರು.

ರಕ್ಷಿತಾ ಮೂಗು ಒರೆಸಿಕೊಳ್ಳುತ್ತಾ ಬಂದಳು. “ಬೈಬೇಡ ಅಕ್ಕಾ. ನೀನು ಎಲ್ಲಾ ಹೇಳಿಕೊಟ್ಟಿದ್ದಿ. ನಾನೇ ಏನೋ ಮರೆತೆ.”

ನಯನ ಅವಳ ಕೈ ಹಿಡಿದು ಮೇಷ್ಟ್ರ ಹತ್ತಿರ ಹೋದಳು.

“ನೀನು ಮರೆತಿಲ್ಲ ಕಣೇ. ಸಾರ್, ಹಸಿರು ಗರಿ ವಿಷಯ ನಾನು ಇವಳಿಗೆ ಹೇಳೇ ಇಲ್ಲ ರೀ. ಈಗ ಕಂಡ್ರೂ ಸುಮ್ನಿದ್ದೆ.”

ಮೇಷ್ಟ್ರು ಅವಳ ಮುಖವನ್ನೇ ನೋಡಿದರು, ಬೈಯಲಿಲ್ಲ.

“ಹಂಗಾದ್ರೆ ನಿನ್ನ ಪಾಠ ಇನ್ನೂ ಮುಗಿದಿಲ್ಲ. ಈಗ ಹೇಳಿಕೊಡು, ನಾವು ಕಾಯ್ತೀವಿ. ಆ ಬಾಣ ಲೆಕ್ಕಕ್ಕಿಲ್ಲ.”

ನಯನ ಈ ಸಲ ಬಾಣ ತಿರುಗಿಸಿ ಕೊಡಲಿಲ್ಲ. ಬೆರಳಿಟ್ಟು ತೋರಿಸಿದಳು, ಯಾಕೆ ಅಂತ ಹೇಳಿದಳು. ರಕ್ಷಿತಾ ತಾನೇ ತಿರುಗಿಸಿದಳು.

“ಅಯ್ಯೋ, ಇಷ್ಟೇನಾ? ಮೊದ್ಲೇ ಹೇಳಬಾರ್ದಾ!”

ಟಪ್! ಹಳದಿಗೆ.

ನಯನಳಿಗೆ ಸೊರಬ ತಪ್ಪಿತು. ಆದರೆ ಆ ಬಾಣ ತನ್ನ ಕೈಯಿಂದಲೇ ಹೋದ ಹಾಗೆ ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ನಿಂತಿದ್ದದ್ದು ಅವಳಿಗೆ ಆಗಷ್ಟೇ ಗೊತ್ತಾಯಿತು.